ಕೈ ಎತ್ತಿದೆ, ಮನಸ್ಸು ಏಳಲಿಲ್ಲ: ಕೃಪೆ ದೇವರದಾದರೆ ಒಪ್ಪಿಗೆ ಯಾರದು?

ಪ್ರಶ್ನೆ: ನಾನು ಮಂಡ್ಯದವನು. ಹುಟ್ಟಿದ್ದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕುಟುಂಬದಲ್ಲಿ. ಕೈಗೂಸಾಗಿದ್ದಾಗಲೇ ದೀಕ್ಷಾಸ್ನಾನ ಆಗಿದೆ, ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಹೋದ ವರ್ಷ ಸ್ನೇಹಿತರ ಜೊತೆ ಮೈಸೂರಿನಲ್ಲಿ ಒಂದು ಉಜ್ಜೀವನ ಕೂಟಕ್ಕೆ ಹೋಗಿದ್ದೆ. ಪ್ರಸಂಗದ ಕೊನೆಯಲ್ಲಿ ‘ಯೇಸುವನ್ನು ಸ್ವೀಕರಿಸುವವರು ಕೈ ಎತ್ತಿ’ ಎಂದರು. ಎತ್ತಿದೆ. ಅಕ್ಕಪಕ್ಕದವರು ಅಳುತ್ತಿದ್ದರು, ನನಗೆ ಒಳಗೆ ಏನೂ ಆಗಲಿಲ್ಲ. ಆವತ್ತಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ನಮ್ಮ ಸಭಾಪಾಲಕರು ‘ರಕ್ಷಣೆ ಕೃಪೆಯಿಂದಲೇ, ನಮ್ಮದೇನೂ ಇಲ್ಲ’ ಎನ್ನುತ್ತಾರೆ. ಆ ಕೂಟದಲ್ಲಿ ‘ದೇವರು ತನ್ನ ಕೆಲಸ ಮುಗಿಸಿದ್ದಾನೆ, ಇನ್ನು ನಿನ್ನ ಕೈಯಲ್ಲಿದೆ’ ಎಂದರು. ಯೂಟ್ಯೂಬಿನಲ್ಲಿ ಒಬ್ಬರು ‘ದೇವರು ಮೊದಲೇ ಆರಿಸಿಕೊಂಡವರಿಗೆ ಮಾತ್ರ ಮನಸ್ಸು ಬರುತ್ತದೆ’ ಎನ್ನುತ್ತಾರೆ. ನನಗೆ ಮನಸ್ಸು ಬಾರದಿದ್ದರೆ ತಪ್ಪು ನನ್ನದೋ, ದೇವರು ಕೊಡಲಿಲ್ಲವೋ? ಮೇಲುಕೋಟೆಯ ಸ್ನೇಹಿತನೊಬ್ಬ ಇದನ್ನು ಕೇಳಿ, ‘ನಮ್ಮಲ್ಲೂ ಇದೇ ಜಗಳ, ಕೋತಿಮರಿಯೋ ಬೆಕ್ಕಿನಮರಿಯೋ ಅಂತ’ ಎಂದ. ಎರಡೂ ಒಂದೆಯೇ? ಇನ್ನೊಂದು ಮಾತು. ನಮ್ಮಣ್ಣ ದೇವಾಲಯದ ಕಡೆ ಬರುವುದನ್ನೇ ಬಿಟ್ಟು ವರ್ಷಗಳಾದವು. ಅವನಿಗೆ ಕೃಪೆ ಇಲ್ಲವೇ?

ಉತ್ತರ: ಸುತ್ತಿ ಬಳಸದೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ದೇವರು ಬೇಕು ಅನ್ನಿಸುವುದೇ ದೇವರ ಕೃಪೆಯ ಕೆಲಸ. ಆತ ಮೊದಲು ಬಂದು ಮುಟ್ಟದೆ ಯಾರಿಗೂ ಆ ಆಸೆ ಹುಟ್ಟುವುದಿಲ್ಲ. ಆದರೆ ಆ ಕೃಪೆ ಯಾರ ಕುತ್ತಿಗೆಯನ್ನೂ ಹಿಡಿದು ನೂಕುವುದಿಲ್ಲ. ಬೇಡ ಎನ್ನಲು ಮನುಷ್ಯನಿಗೆ ಜಾಗವಿದೆ. ಬೇಡ ಎಂದರೆ ಅದು ನಮ್ಮದು; ಹೂಂ ಎಂದರೆ, ಆ ಹೂಂ ಎನ್ನುವ ಬಲವೂ ಆತ ಕೊಟ್ಟದ್ದು. ಮನಸ್ಸು ಬರಲಿಲ್ಲವಲ್ಲ ಎಂದು ಒಂದು ವರ್ಷದಿಂದ ಕೊರಗುತ್ತಿದ್ದೀರಿ. ಕೃಪೆ ಮುಟ್ಟದವನಿಗೆ ಆ ಕೊರಗು ಬರುವುದಿಲ್ಲ. ಸಮಾಧಾನ ಹೇಳಲಿಕ್ಕಾಗಿ ಹೇಳುತ್ತಿರುವ ಮಾತಲ್ಲ ಇದು. ಕ್ರೈಸ್ತ ಸಭೆ ಸಾವಿರದೈನೂರು ವರ್ಷಗಳಿಂದ ಕಲಿಸುತ್ತ ಬಂದಿರುವುದೇ ಇದು.

ನೀವು ಬರೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೈ. ಕೈ ಎತ್ತು ಎಂದುಕೊಂಡಿರಿ, ಎದ್ದಿತು. ಮನಸ್ಸೇ ಏಳು ಎಂದಿರಿ, ಏಳಲಿಲ್ಲ. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ (354–430) ತನ್ನ ‘ಕನ್ಫೆಷನ್ಸ್’ ಗ್ರಂಥದ ಎಂಟನೆಯ ಭಾಗದಲ್ಲಿ ಹೇಳುವುದೂ ಇದನ್ನೇ, ಅದೂ ಕೈಯ ಉದಾಹರಣೆಯನ್ನೇ ಕೊಟ್ಟು. ಮನಸ್ಸು ಕೈಗೆ ಅಲುಗು ಎಂದರೆ ಅಪ್ಪಣೆ ಯಾವುದು, ಪಾಲನೆ ಯಾವುದು ಎಂದು ಬಿಡಿಸಿ ಹೇಳಲಾಗದಷ್ಟು ಬೇಗ ಅಲುಗುತ್ತದೆ. ಅದೇ ಮನಸ್ಸು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡರೆ ನಡೆಯುವುದಿಲ್ಲ, ಈ ವಿಚಿತ್ರ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುತ್ತಾನೆ. ಅವನು ಕೊಡುವ ಕಾರಣ ಹೀಗಿದೆ: ಮನಸ್ಸು ಪೂರ್ತಿಯಾಗಿ ಬಯಸುತ್ತಿಲ್ಲ. ಅರ್ಧ ಬಯಸುತ್ತದೆ, ಅರ್ಧ ಹಳೆಯ ರೂಢಿಗೆ ಜೋತುಬಿದ್ದಿರುತ್ತದೆ. ಪೂರ್ತಿ ಬಯಸಿದ್ದರೆ ಅಪ್ಪಣೆಯ ಅಗತ್ಯವೇ ಇರುತ್ತಿರಲಿಲ್ಲ. ಹರೆಯದಲ್ಲಿ ತಾನು ‘ನನಗೆ ಶುದ್ಧ ಜೀವನ ಕೊಡು, ಆದರೆ ಈಗಲೇ ಬೇಡ’ ಎಂದು ಪ್ರಾರ್ಥಿಸುತ್ತಿದ್ದುದನ್ನೂ ಅಲ್ಲಿಯೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಕ್ರಿ.ಶ. 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ ಅವನ ಮನಸ್ಸು ತಿರುಗಿತು. ಮರುವರ್ಷ ಬಿಷಪ್ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆದ. ಹಿಂತಿರುಗಿ ನೋಡಿದಾಗ, ತಿರುಗಿಸಿದ್ದು ನಾನಲ್ಲ, ನನ್ನೊಳಗೆ ಬಂದ ದೇವರು ಎಂದೇ ಅವನಿಗೆ ಕಂಡಿತು.

ಇಲ್ಲಿಂದಲೇ ಜಗಳ ಶುರು. ಆ ಗ್ರಂಥದ ಹತ್ತನೆಯ ಭಾಗದಲ್ಲಿ ಒಂದು ಪ್ರಾರ್ಥನೆ ಬರುತ್ತದೆ: ನೀನು ಅಪ್ಪಣೆ ಮಾಡುವುದನ್ನು ನೀನೇ ಕೊಡು, ಆಮೇಲೆ ನಿನಗೆ ಬೇಕಾದ ಅಪ್ಪಣೆ ಮಾಡು. ರೋಮಿನಲ್ಲಿ ಯಾರೋ ಇದನ್ನು ಉದ್ಧರಿಸಿದಾಗ ಬ್ರಿಟನ್ನಿನಿಂದ ಬಂದಿದ್ದ ಪೆಲಾಗಿಯಸ್ ಎಂಬ ಸನ್ಯಾಸಿಗೆ ಸಹಿಸಲಾಗಲಿಲ್ಲ. ಪೆಲಾಗಿಯಸ್ಸನನ್ನು ನಾವು ಪಾಠ ಹೇಳುವಾಗ ದುಷ್ಟನ ಹಾಗೆ ಚಿತ್ರಿಸುವುದುಂಟು, ಅದು ನ್ಯಾಯವಲ್ಲ. ರೋಮಿನ ಕ್ರೈಸ್ತರು ‘ನಾವು ಬಲಹೀನರು, ಏನು ಮಾಡೋದು’ ಎನ್ನುತ್ತ ಆರಾಮಾಗಿ ಪಾಪ ಮಾಡಿಕೊಂಡಿದ್ದುದನ್ನು ಕಂಡು ರೋಸಿದವನು ಅವನು. ದೇವರು ಆಗದ್ದನ್ನು ಮಾಡು ಎನ್ನುವುದಿಲ್ಲ. ಮಾಡು ಎಂದಿದ್ದಾನೆಂದರೆ ಮಾಡುವ ಶಕ್ತಿಯನ್ನು ಹುಟ್ಟಿನಲ್ಲೇ ಕೊಟ್ಟಿದ್ದಾನೆ. ಕ್ರಿಸ್ತನ ಬೋಧನೆ, ಮಾದರಿ ಮುಂದಿವೆ. ಮನಸ್ಸು ಮಾಡುವುದು ನಿನ್ನ ಕೆಲಸ. ಇದು ಅವನ ವಾದ. ಕೇಳಲು ಎಷ್ಟು ಸರಿಯಾಗಿದೆ! ನೀವು ಹೋಗಿದ್ದ ಕೂಟದ ‘ಇನ್ನು ನಿನ್ನ ಕೈಯಲ್ಲಿದೆ’ ಎಂಬ ಮಾತಿನಲ್ಲಿ ಪೆಲಾಗಿಯಸ್ಸನ ನೆರಳಿದೆ. ಆ ಬೋಧಕರು ಬೇಕೆಂದೇ ಹಾಗೆ ಕಲಿಸಿದರು ಎನ್ನುತ್ತಿಲ್ಲ. ಜನರನ್ನು ಎಬ್ಬಿಸುವ ಆತುರದಲ್ಲಿ ಆ ಮಾತು ಬಾಯಿಗೆ ಬರುತ್ತದೆ. ಆದರೆ ಅದರಿಂದ ಪೆಟ್ಟು ತಿನ್ನುವವರು ನಿಮ್ಮಂಥವರು. ದಾರ್ಢ್ಯ ಇರುವವನು ಕೈ ಎತ್ತಿ ಹೆಮ್ಮೆಯಿಂದ ಮನೆಗೆ ಹೋಗುತ್ತಾನೆ, ಮನಸ್ಸು ಬಾರದವನು ತನ್ನನ್ನೇ ಶಪಿಸಿಕೊಳ್ಳುತ್ತ ಹೋಗುತ್ತಾನೆ. ಇಬ್ಬರೂ ನೋಡುತ್ತಿರುವುದು ತಮ್ಮನ್ನೇ ಹೊರತು ಕ್ರಿಸ್ತನನ್ನಲ್ಲ.

418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪ್ಪರ ಸಭೆ ಪೆಲಾಗಿಯಸ್ಸನ ಬೋಧನೆಯನ್ನು ತಳ್ಳಿಹಾಕಿತು. 431ರ ಎಫೆಸದ ಮಹಾಸಭೆಯೂ ಅವನ ಕಡೆಯವರನ್ನು ಖಂಡಿಸಿತು. ಜಗಳ ಅಷ್ಟಕ್ಕೇ ನಿಂತಿರಲಿಲ್ಲ. ಎಫೆಸದ ಸಭೆಗೂ ಮುಂಚೆ, 426–27ರ ಹೊತ್ತಿಗೆ ಹಾಡ್ರುಮೆಟಮ್ ಎಂಬ ಊರಿನ (ಈಗಿನ ಟ್ಯುನೀಶಿಯಾದ ಸೂಸ್) ಒಂದು ಮಠದಲ್ಲಿ ಸನ್ಯಾಸಿಗಳು ಅಗಸ್ಟೀನನ ಬರಹ ಓದಿ ತಮ್ಮತಮ್ಮಲ್ಲೇ ಕಾದಾಡಿದರು. ಎಲ್ಲವೂ ಕೃಪೆಯೇ ಆದರೆ ತಪ್ಪು ಮಾಡಿದ ನನ್ನನ್ನು ಹಿರಿಯರು ಯಾಕೆ ಗದರಿಸಬೇಕು? ನನಗಾಗಿ ಪ್ರಾರ್ಥನೆ ಮಾಡಿದರೆ ಸಾಕಲ್ಲ? ಎಂದು ಕೆಲವರ ವಾದ. ನಿಮ್ಮ ಪ್ರಶ್ನೆಯೇ ಅಲ್ಲವೇ ಇದು, ‘ತಪ್ಪು ನನ್ನದೋ, ದೇವರು ಕೊಡಲಿಲ್ಲವೋ’ ಎನ್ನುವುದು? ಅಗಸ್ಟೀನ ಅವರಿಗಾಗಿಯೇ ಪುಸ್ತಕ ಬರೆದುಕೊಟ್ಟ. ಅವನ ಉತ್ತರದ ಸಾರ ಇಷ್ಟು: ಸತ್ಯವೇದದಲ್ಲಿ (ಬೈಬಲಿನಲ್ಲಿ) ಅಪ್ಪಣೆಗಳಿವೆ, ಹಾಗಾಗಿ ಮನುಷ್ಯನಿಗೆ ಇಚ್ಛೆ ಇದೆ ಎಂಬುದು ದಿಟ, ಸತ್ಯವೇದದಲ್ಲಿ ಪ್ರಾರ್ಥನೆಗಳೂ ಇವೆ, ಹಾಗಾಗಿ ಆ ಇಚ್ಛೆಗೆ ಸಹಾಯ ಬೇಕು ಎಂಬುದೂ ದಿಟ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡಿ. ಅವನದೇ ಒಂದು ಪ್ರಸಂಗದಲ್ಲಿ ಬರುವ ಮಾತಿದು: ನಿನ್ನನ್ನು ಕೇಳದೆ ನಿನ್ನನ್ನು ಸೃಷ್ಟಿಸಿದವನು ನಿನ್ನ ಒಪ್ಪಿಗೆಯಿಲ್ಲದೆ ನಿನ್ನನ್ನು ನೀತಿವಂತನನ್ನಾಗಿ ಮಾಡುವುದಿಲ್ಲ.

ಹಾಗಿದ್ದೂ ಕೊನೆಯ ವರ್ಷಗಳಲ್ಲಿ ಅಗಸ್ಟೀನ, ದೇವರು ಕೆಲವರನ್ನು ಮಾತ್ರ ಆರಿಸಿಕೊಂಡಿದ್ದಾನೆ, ಅವರಲ್ಲಿ ಆತನ ಕೃಪೆ ಸೋಲುವುದೇ ಇಲ್ಲ ಎಂಬ ಕಡೆಗೆ ವಾಲಿದ. ದಕ್ಷಿಣ ಗಾಲ್‌ನ (ಈಗಿನ ಫ್ರಾನ್ಸ್) ಸನ್ಯಾಸಿಗಳು, ಮುಖ್ಯವಾಗಿ ಜಾನ್ ಕೇಸಿಯನ್, ಇದನ್ನು ಒಪ್ಪಲಿಲ್ಲ. ಕೆಲವೊಮ್ಮೆ ದೇವರು ಮೊದಲು ಬರುತ್ತಾನೆ, ಕೆಲವೊಮ್ಮೆ ಮನುಷ್ಯನ ಒಳ್ಳೆಯ ಆಸೆ ಮೊದಲು ಹುಟ್ಟಿ ದೇವರು ಅದಕ್ಕೆ ನೀರೆರೆಯುತ್ತಾನೆ ಎಂದು ಕೇಸಿಯನ್ನನ ಅಭಿಪ್ರಾಯ. ನೂರು ವರ್ಷ ಎಳೆದಾಡಿ 529ರಲ್ಲಿ ಫ್ರಾನ್ಸಿನ ಒರಾಂಜ್ ಪಟ್ಟಣದಲ್ಲಿ ಒಂದು ಸಣ್ಣ ಸಭೆ ಕೂಡಿತು. ಆರ್ಲ್‌ನ ಬಿಷಪ್ ಸಿಸೇರಿಯಸ್ ಅದರ ಮುಂದಾಳು. ಅಲ್ಲಿ ತೀರ್ಮಾನವಾದದ್ದನ್ನು ನಾನು ತರಗತಿಯಲ್ಲಿ ಪದೇಪದೇ ಓದಿಸುತ್ತಿದ್ದೆ, ಯಾಕೆಂದರೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಎಚ್ಚರದಿಂದ ಹೇಳಿದ್ದು ಅಪರೂಪ. ನಂಬಿಕೆ ಬೆಳೆಯುವುದಷ್ಟೇ ಅಲ್ಲ, ನಂಬಿಕೆ ಮೊಳೆಯುವುದೂ, ನಂಬಬೇಕೆಂಬ ಒಲವೂ ಕೃಪೆಯ ವರವೇ. ಆದರೆ ದೇವರು ಯಾರನ್ನಾದರೂ ಕೆಡುಕಿಗೆಂದು ಮೊದಲೇ ನೇಮಿಸಿದ್ದಾನೆ ಎನ್ನುವವರು ಶಾಪಗ್ರಸ್ತರು. ದೀಕ್ಷಾಸ್ನಾನ ಪಡೆದವರೆಲ್ಲರೂ ಕ್ರಿಸ್ತನ ಸಹಾಯದಿಂದ, ತಾವೂ ಶ್ರಮಪಟ್ಟು, ರಕ್ಷಣೆಗೆ ಬೇಕಾದುದನ್ನು ಮಾಡಬಲ್ಲರು, ಮಾಡಬೇಕು.

ನಂಬಬೇಕೆಂಬ ಒಲವೂ ವರವೇ. ನೀವು ಬರೆದ ಪತ್ರದ ಪಕ್ಕದಲ್ಲಿ ಈ ಸಾಲನ್ನು ಇಟ್ಟು ನೋಡಿ.

ಈಗ ಯೂಟ್ಯೂಬಿನ ಬೋಧಕರ ವಿಷಯ. ಅವರು ಹೇಳುತ್ತಿರುವುದು ಹದಿನಾರನೆಯ ಶತಮಾನದ ಸಭಾ ಸುಧಾರಕ ಜಾನ್ ಕ್ಯಾಲ್ವಿನ್ನನ ಪರಂಪರೆಯ ಬೋಧನೆ, 1618–19ರಲ್ಲಿ ಹಾಲೆಂಡಿನ ಡಾರ್ಟ್ ನಗರದ ಸಭೆಯಲ್ಲಿ ಗಟ್ಟಿಯಾದದ್ದು. ದೇವರು ತನ್ನ ಚಿತ್ತದಂತೆ ಆರಿಸಿಕೊಂಡವರಿಗೆ ಹೊಸ ಹೃದಯ ಕೊಡುತ್ತಾನೆ, ಆ ಹೃದಯ ತಾನಾಗಿಯೇ, ಸಂತೋಷದಿಂದ ನಂಬುತ್ತದೆ, ಕೊನೆತನಕ ನಿಲ್ಲುತ್ತದೆ ಎಂದು ಅದರ ತಿರುಳು. ಇದನ್ನು ಕೇಳಿದ ಕೂಡಲೇ ಕಠೋರ ಎಂದು ಮೂಗು ಮುರಿಯಬೇಡಿ. ನನ್ನ ರಕ್ಷಣೆ ನನ್ನ ಅಸ್ಥಿರ ಮನಸ್ಸಿನ ಮೇಲಲ್ಲ, ದೇವರ ಸ್ಥಿರ ಚಿತ್ತದ ಮೇಲೆ ನಿಂತಿದೆ ಎಂಬ ನೆಮ್ಮದಿ ಅದರಲ್ಲಿದೆ. ದೇವರ ಆಯ್ಕೆಯ ಬಗ್ಗೆ ಹೇಳುವ, ರೋಮಾಪುರದವರಿಗೆ ಬರೆದ ಪತ್ರದ 9ನೆಯ ಅಧ್ಯಾಯವನ್ನು ಅವರು ಸುಮ್ಮನೆ ಹಾರಿಸಿಬಿಡುವುದಿಲ್ಲ, ನಮ್ಮಲ್ಲಿ ಅನೇಕರು ಹಾರಿಸುತ್ತಾರೆ. ಆದರೂ ನಾನು ಅವರ ಜೊತೆ ಹೋಗಲಾರೆ. ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದು ದೇವರ ಚಿತ್ತ ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರ (2:4) ಹೇಳುತ್ತದೆ. ಯೆರೂಸಲೇಮನ್ನು ನೋಡಿ ಯೇಸು ಹೇಳಿದ ಮಾತು ಮತ್ತಾಯ 23:37ರಲ್ಲಿದೆ: ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವಂತೆ ನಿನ್ನ ಮಕ್ಕಳನ್ನು ಕೂಡಿಸಿಕೊಳ್ಳಲು ನನಗೆ ಎಷ್ಟೋ ಸಾರಿ ಮನಸ್ಸಿತ್ತು, ನಿಮಗೆ ಮನಸ್ಸಿರಲಿಲ್ಲ. ‘ನನಗೆ ಮನಸ್ಸಿತ್ತು, ನಿಮಗೆ ಮನಸ್ಸಿರಲಿಲ್ಲ.’ ತಾನೇ ಮನಸ್ಸು ಕೊಡದೆ, ಕೊಡಬಾರದೆಂದು ಮೊದಲೇ ನಿಶ್ಚಯಿಸಿ, ಆಮೇಲೆ ಹೀಗೆ ಮರುಗುವ ದೇವರನ್ನು ನಾನು ಸುವಾರ್ತೆಗಳಲ್ಲಿ ಕಂಡಿಲ್ಲ.

ನಮ್ಮ ಮೈಸೂರು ಸೀಮೆಯ ಸಿಎಸ್‌ಐ ಸಭೆಗಳಿಗೆ ಈ ವಿಷಯದಲ್ಲಿ ತಮ್ಮದೇ ಒಂದು ಬಳುವಳಿ ಇದೆ, ಅದನ್ನು ನಾವು ಮರೆತಿದ್ದೇವೆ ಎಂಬುದು ನನ್ನ ಬಹುದಿನದ ಸಂಕಟ. ಇಲ್ಲಿ ಶಾಲೆ ಕಟ್ಟಿದವರು, ಅಚ್ಚುಕೂಟ ನಡೆಸಿದವರು, 1906ರಲ್ಲಿ ಮಿಷನ್ ಆಸ್ಪತ್ರೆ ತೆರೆದವರು ವೆಸ್ಲಿಯನ್ ಮೆಥಡಿಸ್ಟರು, ಇಂಗ್ಲೆಂಡಿನ ಒಂದು ಪ್ರೊಟೆಸ್ಟಂಟ್ ಪಂಗಡದವರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನ್ನರು ಮತ್ತಿತರರ ಜೊತೆ ಅವರೂ ಅದರಲ್ಲಿ ಸೇರಿದರು. ಅವರ ಮೂಲಪುರುಷ ಜಾನ್ ವೆಸ್ಲಿ (1703–1791) ಬದುಕಿನುದ್ದಕ್ಕೂ ಜಗ್ಗಾಡಿದ್ದು ನಿಮ್ಮ ಪ್ರಶ್ನೆಯೊಂದಿಗೇ. ಮನುಷ್ಯ ತನ್ನ ಸ್ವಂತ ಬಲದಿಂದ ದೇವರ ಕಡೆ ಒಂದು ಹೆಜ್ಜೆಯನ್ನೂ ಇಡಲಾರ ಎಂಬಲ್ಲಿ ವೆಸ್ಲಿಗೂ ಕ್ಯಾಲ್ವಿನ್ ಅನುಯಾಯಿಗಳಿಗೂ ಕೂದಲೆಳೆಯಷ್ಟೂ ಭೇದವಿಲ್ಲ. ವೆಸ್ಲಿ ಬೇರೆಯಾಗುವುದು ಎಲ್ಲಿ ಅಂದರೆ, ಸ್ವಂತ ಬಲದ ಮೇಲೆ ಬಿಡಲ್ಪಟ್ಟ ಮನುಷ್ಯ ಲೋಕದಲ್ಲಿ ಯಾರೂ ಇಲ್ಲ ಎನ್ನುತ್ತಾನೆ. ನಮಗಿಂತ ಮುಂಚೆ ಹೊರಟು ಬರುವ ಒಂದು ಕೃಪೆ ಪ್ರತಿಯೊಬ್ಬರಲ್ಲೂ ಕೆಲಸ ಮಾಡುತ್ತಿದೆ. ಜನ ಅದನ್ನು ಮನಸ್ಸಾಕ್ಷಿ ಎಂದು ಕರೆಯುತ್ತಾರೆ, ಹುಟ್ಟುಗುಣ ಎಂದುಕೊಳ್ಳುತ್ತಾರೆ. ಅದು ಹುಟ್ಟುಗುಣವಲ್ಲ, ದೇವರ ಕೊಡುಗೆ. 1785ರಲ್ಲಿ, ಮುಪ್ಪಿನಲ್ಲಿ, ಫಿಲಿಪ್ಪಿಯವರಿಗೆ 2:12–13ರ ಮೇಲೆ ಅವನು ಒಂದು ಪ್ರಸಂಗ ಪ್ರಕಟಿಸಿದ. ಆ ವಾಕ್ಯ ನಿಮಗೆ ಗೊತ್ತಿರಬೇಕು: ಮನೋಭೀತಿಯಿಂದ ನಡುಗುವವರಾಗಿ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ, ಯಾಕೆಂದರೆ ನಿಮ್ಮಲ್ಲಿ ಉದ್ದೇಶವನ್ನೂ ಕಾರ್ಯವನ್ನೂ ಉಂಟುಮಾಡುವವನು ದೇವರೇ. ಒಂದೇ ಉಸಿರಿನಲ್ಲಿ ‘ನೀವು ಮಾಡಿ’, ‘ಮಾಡುವವನು ದೇವರು’. ಓದುವವರಿಗೆ ಇದು ಒಗಟು. ವೆಸ್ಲಿ ನಡುವಿನ ‘ಯಾಕೆಂದರೆ’ಯನ್ನು ಬಿಗಿಯಾಗಿ ಹಿಡಿದ. ದೇವರು ಮಾಡುತ್ತಿದ್ದಾನೆ, ಆದ್ದರಿಂದ ನಿನ್ನಿಂದ ಆಗುತ್ತದೆ. ದೇವರು ಮಾಡುತ್ತಿದ್ದಾನೆ, ಆದ್ದರಿಂದ ನೀನು ಮಾಡಲೇಬೇಕು. ಆತನ ಕೆಲಸ ಇಷ್ಟು, ನನ್ನ ಕೆಲಸ ಇಷ್ಟು ಎಂದು ಗೆರೆ ಎಳೆದು ಪಾಲು ಮಾಡಿಕೊಳ್ಳುವ ಮಾತೇ ಅಲ್ಲಿಲ್ಲ. ಆತನದು ಪೂರ್ತಿ ಇರುವುದರಿಂದಲೇ ನನ್ನದೂ ಪೂರ್ತಿ.

ಈ ವಿಷಯದಲ್ಲಿ ವೆಸ್ಲಿಗೂ ಅವನ ಆಪ್ತಮಿತ್ರ ಜಾರ್ಜ್ ವಿಟ್‌ಫೀಲ್ಡನಿಗೂ ಜಗಳವಾಯಿತು. ವೆಸ್ಲಿ 1739ರಲ್ಲಿ ಪೂರ್ವನೇಮಕದ (ರಕ್ಷಣೆಗೆ ಯಾರೆಂದು ದೇವರು ಮೊದಲೇ ಗೊತ್ತುಮಾಡಿದ್ದಾನೆ ಎಂಬ ಬೋಧನೆಯ) ವಿರುದ್ಧ ಪ್ರಸಂಗ ಮಾಡಿ ಅಚ್ಚುಹಾಕಿಸಿದ, ವಿಟ್‌ಫೀಲ್ಡ್ ಖಾರವಾಗಿಯೇ ಉತ್ತರ ಬರೆದ. ಆದರೆ 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರಸಂಗ ಮಾಡಿದವನು ವೆಸ್ಲಿಯೇ. ಯೂಟ್ಯೂಬ್ ಬೋಧಕರ ಮಾತು ಕೇಳುವ ನಿಮ್ಮ ಸ್ನೇಹಿತರ ಜೊತೆ ವಾದಿಸುವಾಗ ಇದು ನೆನಪಿರಲಿ.

ಕಥೋಲಿಕ ಸಭೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ, ನೀವು ಅದನ್ನು ಕೇಳಿಲ್ಲ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗುವ ಕಥೋಲಿಕರು ಪುಣ್ಯಕ್ರಿಯೆಯಿಂದ ರಕ್ಷಣೆ ಎನ್ನುತ್ತಾರೆ, ನಾವು ಕೃಪೆಯಿಂದ ಎನ್ನುತ್ತೇವೆ ಎಂದು ನಮ್ಮವರಲ್ಲಿ ಒಂದು ಉಡಾಫೆಯ ಮಾತಿದೆ. ಅದು ಸುಳ್ಳು. ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆಯ 1547ರ ತೀರ್ಪನ್ನು ಓದಿದವರಿಗೆ ಗೊತ್ತು, ಆರಂಭ ದೇವರ ಕೃಪೆಯದೇ, ಯಾವ ಅರ್ಹತೆಯೂ ಇಲ್ಲದೆ ಕರೆ ಬರುತ್ತದೆ, ಮನುಷ್ಯ ಆ ಕರೆಗೆ ಒಪ್ಪಬಲ್ಲ, ತಳ್ಳಲೂಬಲ್ಲ ಎಂದು ಅದು ಹೇಳುತ್ತದೆ. ಕೃಪೆ ಇಚ್ಛೆಯನ್ನು ಹೇಗೆ ಕದಲಿಸುತ್ತದೆ ಎಂಬ ಬಗ್ಗೆ ಅವರಲ್ಲೇ ಡೊಮಿನಿಕನ್ನರು, ಜೆಸ್ವಿಟರು ಎಂಬ ಎರಡು ಗುರುಸಂಘಗಳ ನಡುವೆ ದೊಡ್ಡ ವಾದ ನಡೆದು, 1607ರಲ್ಲಿ ಪೋಪ್ ಐದನೆಯ ಪಾಲ್ ಯಾರ ಪರವೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳೆನ್ನಬೇಡಿ ಎಂದು ನಿಲ್ಲಿಸಿದರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕರು ಮತ್ತು ಲೂಥರನ್ನರು (ಮಾರ್ಟಿನ್ ಲೂಥರನ ಪರಂಪರೆಯ ಪ್ರೊಟೆಸ್ಟಂಟರು) ಒಟ್ಟಿಗೆ ಒಂದು ಹೇಳಿಕೆಗೆ ಸಹಿ ಹಾಕಿದರು: ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಅಂಗೀಕರಿಸುತ್ತಾನೆ. 2006ರಲ್ಲಿ ವಿಶ್ವ ಮೆಥಡಿಸ್ಟ್ ಪರಿಷತ್ತೂ ಅದಕ್ಕೆ ತನ್ನ ಒಪ್ಪಿಗೆ ಸೇರಿಸಿತು.

ಇನ್ನು ನಿಮ್ಮ ಮೇಲುಕೋಟೆಯ ಸ್ನೇಹಿತನ ಮಾತು. ಆತ ಸುಮ್ಮನೆ ಹೇಳಿದ್ದಲ್ಲ. ರಾಮಾನುಜರ ನಂತರದ ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆ ಎಂಬ ಎರಡು ಪಂಥಗಳಾದವು. ವಡಗಲೆಯವರಿಗೆ ವೇದಾಂತ ದೇಶಿಕರು, ತೆಂಗಲೆಯವರಿಗೆ ಪಿಳ್ಳೈ ಲೋಕಾಚಾರ್ಯರು ಮುಖ್ಯ ಆಚಾರ್ಯರು. ಭೇದಗಳಲ್ಲಿ ಒಂದು ಕೃಪೆಯ ಬಗ್ಗೆಯೇ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅಪ್ಪಿ ಹಿಡಿದುಕೊಳ್ಳಬೇಕು. ಬೆಕ್ಕಿನಮರಿ ಏನೂ ಮಾಡುವುದಿಲ್ಲ, ತಾಯಿಯೇ ಕತ್ತಿನ ಹತ್ತಿರ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಭಗವಂತನ ಕೃಪೆ ನಿರ್ಹೇತುಕ, ಜೀವನಿಂದ ಏನನ್ನೂ ಕಾಯುವುದಿಲ್ಲ ಎಂದು ಬೆಕ್ಕಿನಮರಿಯ ಪಕ್ಷದ ತೆಂಗಲೆಯವರು. ಕೋತಿಮರಿಯ ಪಕ್ಷದ ವಡಗಲೆಯವರು ಶರಣಾಗತಿ ಎಂಬ ಒಂದು ನೆಪವಾದರೂ, ಅವರ ಮಾತಿನಲ್ಲಿ ‘ವ್ಯಾಜ’, ಜೀವನ ಕಡೆಯಿಂದ ಬೇಕು ಎನ್ನುತ್ತಾರೆ. ಆ ನೆಪ ಕೃಪೆಗೆ ತೆರುವ ಬೆಲೆ ಎಂದು ಮಾತ್ರ ಅವರೂ ಹೇಳುವುದಿಲ್ಲ. ಮಂಡ್ಯ ಜಿಲ್ಲೆಯ ಕ್ರೈಸ್ತರು ತಮ್ಮ ನೆರೆಯಲ್ಲೇ ಶತಮಾನಗಳಿಂದ ನಡೆದು ಬಂದ ಇಷ್ಟು ಸೂಕ್ಷ್ಮವಾದ ಚಿಂತನೆಯನ್ನು ಅರಿಯದೆ ಇರುವುದು ಸರಿಯಲ್ಲ.

ಹಾಗೆಂದು ಎರಡೂ ಒಂದೇ ಎನ್ನಲಾರೆ. ಪ್ರಶ್ನೆಯ ಆಕಾರ ಒಂದೇ, ನಿಂತ ನೆಲ ಬೇರೆ. ಅಲ್ಲಿ ಜೀವನು ಅನಾದಿ ಕರ್ಮದಿಂದ, ಹುಟ್ಟುಸಾವುಗಳ ಸುತ್ತಿನಿಂದ ಬಿಡುಗಡೆ ಕೇಳುತ್ತಾನೆ. ಮಧ್ಯೆ ನಿಂತು ಶಿಫಾರಸು ಮಾಡುವವಳು ಶ್ರೀದೇವಿ. ಇಲ್ಲಿ ಒಂದೇ ಬದುಕು, ದೇವರಿಂದ ಮುಖ ತಿರುಗಿಸಿಕೊಂಡ ಮನುಷ್ಯ, ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಗೇರಿದ ಯೇಸು. ಕೃಪೆ ಎಂದಾಗ ನಾವು ತೋರಿಸುವುದು ಆ ಶಿಲುಬೆಯನ್ನು. ಇನ್ನೂ ಒಂದು ಮಾತು: ವೆಸ್ಲಿಯನ್ನು ಕೋತಿಮರಿಯ ಕಡೆಗೆ, ಕ್ಯಾಲ್ವಿನ್ನನನ್ನು ಬೆಕ್ಕಿನಮರಿಯ ಕಡೆಗೆ ಕೂರಿಸುವುದು ಸುಲಭ, ಆದರೆ ವೆಸ್ಲಿ ಅಲ್ಲಿ ಕೂರುವುದಿಲ್ಲ. ಅವನ ಪ್ರಕಾರ ಹಿಡಿದುಕೊಳ್ಳುವ ಬೆರಳಿಗೆ ಕಸುವು ಬರುವುದೂ ತಾಯಿಯಿಂದಲೇ, ಮತ್ತು ಮರಿ ಕೈ ಬಿಡಲೂಬಹುದು.

ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯವನ್ನು ಇವತ್ತು ಒಮ್ಮೆ ನಿಧಾನವಾಗಿ ಓದಿ. ಬೇತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷದಿಂದ ರೋಗಿಯಾಗಿದ್ದ ಒಬ್ಬನು ಮಲಗಿದ್ದಾನೆ. ಯೇಸು ಬಳಿಗೆ ಹೋಗಿ, ಸ್ವಸ್ಥನಾಗಲು ನಿನಗೆ ಮನಸ್ಸುಂಟೋ ಎಂದು ಕೇಳುತ್ತಾನೆ. ಆತ ಹೂಂ ಎನ್ನುವುದೇ ಇಲ್ಲ! ನೀರು ಕದಡಿದಾಗ ನನ್ನನ್ನು ಇಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದುಬಿಡುತ್ತಾನೆ ಎಂದು ತನ್ನ ಗೋಳು ಹೇಳಿಕೊಳ್ಳುತ್ತಾನೆ. ಎಷ್ಟು ಬಡಕಲು ಒಪ್ಪಿಗೆ ನೋಡಿ. ಯೇಸು ಮೊದಲು ಸರಿಯಾಗಿ ಹೂಂ ಅನ್ನು ಎಂದು ಕಾಯಲಿಲ್ಲ. ಎದ್ದು ಹಾಸಿಗೆ ಹೊತ್ತು ನಡೆ ಎಂದ. ಆ ಮಾತಿನಲ್ಲೇ ಏಳುವ ಬಲ ಇತ್ತು. ಆದರೆ ಎದ್ದವನು ಅವನೇ, ಹಾಸಿಗೆ ಹೊತ್ತವನೂ ಅವನೇ. ಯೇಸು ಅವನನ್ನು ಹೊತ್ತುಕೊಂಡು ಹೋಗಲಿಲ್ಲ. ಮನಸ್ಸುಂಟೋ ಎಂದು ಕೇಳಿದ್ದು ಅವನನ್ನು ಮನುಷ್ಯನೆಂದು ಗೌರವಿಸಿದ್ದಕ್ಕೆ. ಉತ್ತರ ತಡವರಿಸಿದರೂ ವಾಸಿಮಾಡಿದ್ದು ಕೃಪೆ ಅವನ ಉತ್ತರದ ಗಟ್ಟಿತನವನ್ನು ಅಳೆಯಲು ಬಂದದ್ದಲ್ಲ ಎಂಬುದಕ್ಕೆ. ಕೃಪೆ ಮತ್ತು ಮನಸ್ಸಿನ ಬಗ್ಗೆ ನಾನು ಓದಿದ ಎಷ್ಟೋ ದಪ್ಪ ಗ್ರಂಥಗಳಿಗಿಂತ ಈ ಒಂಬತ್ತು ವಚನಗಳನ್ನು ನಾನು ಹೆಚ್ಚು ನಂಬುತ್ತೇನೆ.

ಒಳಗೆ ಏನೂ ಆಗಲಿಲ್ಲ ಎಂದಿರಿ. ಅಳು ಬರುವುದು ಒಳ್ಳೆಯದೇ, ಬಂದವರಿಗೆ. ಅದನ್ನು ರಕ್ಷಣೆಯ ಅಳತೆಗೋಲು ಮಾಡಬೇಡಿ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ವೆಸ್ಲಿಯ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ಎಲ್ಲರೂ ಹೇಳುತ್ತಾರೆ. ಎಂಟು ತಿಂಗಳೂ ಕಳೆಯುವ ಮುಂಚೆ, 1739ರ ಜನವರಿಯಲ್ಲಿ, ಅದೇ ವೆಸ್ಲಿ ತನ್ನ ದಿನಚರಿಯಲ್ಲಿ ‘ನಾನು ಈಗ ಕ್ರೈಸ್ತನಲ್ಲ’ ಎಂದು ಬರೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ಬೆಚ್ಚಗಾದ ಹೃದಯ ತಣ್ಣಗಾಗಿತ್ತು. ಆದರೂ ಅವನು ಪ್ರಾರ್ಥನೆ ಬಿಡಲಿಲ್ಲ, ಸಾರುವುದನ್ನು ನಿಲ್ಲಿಸಲಿಲ್ಲ. ಆ ಕಾಲದಲ್ಲಿ ಅವನ ಜೊತೆಗಿದ್ದ ಕೆಲವು ಮೊರೇವಿಯನ್ನರು (ಜರ್ಮನಿಯ ಕಡೆಯಿಂದ ಬಂದ ಒಂದು ಪ್ರೊಟೆಸ್ಟಂಟ್ ಪಂಗಡದವರು), ನಿಜವಾದ ನಂಬಿಕೆ ಬರುವತನಕ ಸುಮ್ಮನಿರು, ಸತ್ಯವೇದ ಓದಬೇಡ, ಕರ್ತನ ಭೋಜನಕ್ಕೆ ಹೋಗಬೇಡ, ಇಲ್ಲದಿದ್ದರೆ ನಿನ್ನ ಕ್ರಿಯೆಯನ್ನೇ ನೆಚ್ಚಿಕೊಂಡಂತಾಗುತ್ತದೆ ಎನ್ನುತ್ತಿದ್ದರು. ವೆಸ್ಲಿ ಇದನ್ನು ಕಟುವಾಗಿ ವಿರೋಧಿಸಿ 1740ರಲ್ಲಿ ಅವರಿಂದ ಬೇರೆಯಾದ. ಪ್ರಾರ್ಥನೆ, ವಾಕ್ಯ, ಕರ್ತನ ಭೋಜನ ಇವು ದೇವರು ಕೃಪೆ ಕೊಡುವುದಕ್ಕೆಂದು ತಾನೇ ಮಾಡಿಟ್ಟ ದಾರಿಗಳು. ಕೊರತೆಯಿರುವವನೇ ಅಲ್ಲಿ ಹೋಗಿ ನಿಲ್ಲಬೇಕು ಎಂದ.

ನಿಮಗೂ ನನ್ನ ಸಲಹೆ ಅದೇ. ಇನ್ನೊಂದು ಕೂಟಕ್ಕೆ ಹೋಗಿ ಮತ್ತೆ ಕೈ ಎತ್ತಿ ಪರೀಕ್ಷೆ ಮಾಡಿಕೊಳ್ಳಬೇಡಿ. ಮುಂದಿನ ಸಾರಿ ನಿಮ್ಮ ದೇವಾಲಯದಲ್ಲಿ ಕರ್ತನ ಭೋಜನದ ಸಂಸ್ಕಾರ ಇದ್ದಾಗ, ಮನಸ್ಸು ಒಣಗಿದ್ದರೆ ಒಣಗಿದ ಮನಸ್ಸಿನಲ್ಲೇ ಹೋಗಿ ಕೈ ಚಾಚಿ. ಅಲ್ಲಿ ರೊಟ್ಟಿ ಇಡುವವರು ನಿಮ್ಮ ಒಳಗೆ ಏನಾಯಿತು ಎಂದು ಕೇಳುವುದಿಲ್ಲ. ಸಭಾಪಾಲಕರ ಹತ್ತಿರ ಈ ವಿಷಯವನ್ನು ಬಾಯಿ ಬಿಟ್ಟು ಮಾತಾಡಿ.

ಒಬ್ಬರ ವಿಷಯ ಹೇಳುತ್ತೇನೆ. ನಿಮ್ಮ ಊರಿನ ಕಡೆಯವರೇ, ಕಬ್ಬಿನ ಗಾಡಿ ಹೊಡೆದುಕೊಂಡಿದ್ದವರು, ಕುಡಿತದಿಂದ ಯಕೃತ್ತು ಕೆಟ್ಟು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು. ಸಂಜೆ ಭೇಟಿಗೆ ಹೋದಾಗ ಪ್ರಾರ್ಥನೆ ಮಾಡಲೇ ಎಂದು ಕೇಳಿದೆ. ‘ಸುಳ್ ಹೇಳಲ್ಲ ಸಾರ್, ಕುಡಿಯೋದು ಬಿಡೋಕೆ ನಂಗೆ ಮನಸಿಲ್ಲ’ ಎಂದರು. ಸ್ವಲ್ಪ ಹೊತ್ತು ಗ್ಲೂಕೋಸ್ ಬಾಟಲಿ ಕಡೆಗೇ ನೋಡಿ, ‘ಮನಸ್ ಬರ್ಲಿ ಅಂತ ಬೇಕಾದ್ರೆ ಬೇಡ್ಕಳಿ’ ಎಂದರು. ಅದನ್ನೇ ಬೇಡಿಕೊಂಡೆ. ಕುಡಿತ ಒಂದೇ ಏಟಿಗೆ ನಿಲ್ಲಲಿಲ್ಲ, ಎರಡು ಸಾರಿ ಜಾರಿದರು, ಹೆಂಡತಿ ಮನೆ ಬಿಟ್ಟು ಹೋಗಿ ಮತ್ತೆ ಬಂದರು. ಆಮೇಲೆ ನಿಂತಿತು. ‘ನಾನು ಬಿಟ್ಟೆ’ ಎಂದು ಆತ ಹೇಳಿದ್ದನ್ನು ನಾನು ಕೇಳಿಲ್ಲ, ‘ಬಿಡಿಸಿದ’ ಎಂದೇ ಹೇಳುತ್ತಿದ್ದರು. ಹಾಗೆಂದು ಆ ಸಂಜೆಗಳಲ್ಲಿ ಅಂಗಡಿಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ನಡೆದವರು ಅವರೇ. ಎರಡೂ ನಿಜ.

ಮನಸ್ಸು ಬರಲಿ ಎಂಬ ಆ ಬೇಡಿಕೆ ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದ ತಂದೆಯದೂ ಹೌದು: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಆ ತಂದೆಯ ಮಗ ವಾಸಿಯಾದ.

ಕೊನೆಗೆ ನಿಮ್ಮಣ್ಣ. ಅವರಿಗೆ ಕೃಪೆ ಇಲ್ಲ ಎಂದು ತೀರ್ಪು ಹೇಳುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ದೇವಾಲಯ ಬಿಟ್ಟವರನ್ನೆಲ್ಲ ದೇವರು ಬಿಟ್ಟಿಲ್ಲ. ಅವರು ಯಾಕೆ ಬಿಟ್ಟರು ಎಂದು ನೀವು ಬರೆದಿಲ್ಲ; ನಿಮಗೇ ಸರಿಯಾಗಿ ಗೊತ್ತಿಲ್ಲವೇನೋ ಎಂದು ನನ್ನ ಅನುಮಾನ. ಕೇಳಿದ್ದೀರಾ? ವಾದ ಮಾಡಲಿಕ್ಕಲ್ಲ, ತಿಳಿದುಕೊಳ್ಳಲಿಕ್ಕೆ. ಎಷ್ಟೋ ಸಾರಿ ಸಭೆಯಲ್ಲಿ ಯಾರೋ ಆಡಿದ ಒಂದು ಮಾತು, ಮದುವೆಯದೋ ಸಮಾಧಿಯದೋ ಒಂದು ಅವಮಾನ ಒಳಗೇ ಕುಳಿತಿರುತ್ತದೆ. ಅದು ದೇವರಿಗೆ ಬೇಡ ಎಂದದ್ದಲ್ಲ, ನಮಗೆ ಬೇಡ ಎಂದದ್ದು. ಹಾಗಿದ್ದರೆ ಮೊದಲು ಕ್ಷಮೆ ಕೇಳಬೇಕಾದವರು ನಾವು.

ಅವರಿಗಾಗಿ ಪ್ರಾರ್ಥನೆಯನ್ನೂ ಮಾಡಿ. ಅಗಸ್ಟೀನ ಮುಪ್ಪಿನಲ್ಲಿ ಕಾರ್ಥೇಜಿನ ವಿಟಾಲಿಸ್ ಎಂಬವನಿಗೆ ಒಂದು ಪತ್ರ ಬರೆದ. ನಂಬುವುದು ಮನುಷ್ಯನ ಸ್ವಂತ ಕೆಲಸ, ದೇವರ ಕೊಡುಗೆಯಲ್ಲ ಎಂದು ವಿಟಾಲಿಸ್ ಹೇಳುತ್ತಿದ್ದ. ಹಾಗಾದರೆ ಸಭೆ ಅವಿಶ್ವಾಸಿಗಳಿಗಾಗಿ ಬಲಿಪೀಠದ ಮುಂದೆ ಪ್ರಾರ್ಥಿಸುವುದು ಯಾಕೆ, ನಿಲ್ಲಿಸಿಬಿಡು ಎಂದು ಹೇಳುತ್ತೀಯಾ ಎಂದು ಅಗಸ್ಟೀನ ಕೇಳಿದ. ನೀವು ನಿಮ್ಮಣ್ಣನಿಗಾಗಿ ಮೊಣಕಾಲೂರಿದಾಗಲೆಲ್ಲ, ದೇವರು ಮನುಷ್ಯನ ಒಳಗೆ ಹೋಗಿ ಮನಸ್ಸನ್ನು ಮುಟ್ಟಬಲ್ಲನೆಂದು ನಂಬಿಯೇ ಊರುತ್ತೀರಿ. ಎದ್ದ ಮೇಲೆ ಅವರ ಮನೆಗೆ ಹೋಗುವುದೂ ಅದೇ ನಂಬಿಕೆಯ ಕೆಲಸ. ಈ ಭಾನುವಾರ ಆರಾಧನೆ ಮುಗಿಸಿ ನೇರ ಅಲ್ಲಿಗೆ ಹೋಗಿ, ಅತ್ತಿಗೆ ಬಡಿಸಿದ್ದನ್ನು ಉಣ್ಣಿ. ದೇವಾಲಯದ ಮಾತು ನೀವಾಗಿ ಎತ್ತಬೇಡಿ. ಅವರು ಎತ್ತಿದರೆ, ನೀವು ಕೈ ಎತ್ತಿದ ದಿನ ಏನಾಯಿತು, ಏನಾಗಲಿಲ್ಲ ಎಂಬುದನ್ನು ನನಗೆ ಬರೆದ ಹಾಗೆಯೇ ಅವರಿಗೂ ಹೇಳಿ.